ಇರುಸು, ಕಡಾಣಿ, ಕಮಾನು

ನಮ್ಮ ಸೀಮೆಯ ಚರಿತ್ರೆಯನ್ನು ಹೇಳಹೊರಡುವವರು ಬಹುಮಟ್ಟಿಗೆ ಕಲ್ಲಿನಿಂದಲೇ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಹೇಮಾವತಿಯ ನೊಳಂಬರ ಕಂಬಗಳನ್ನೂ ರಾಯದುರ್ಗದ ಬೆಟ್ಟದ ಕೋಟೆಯನ್ನೂ ರತ್ನಗಿರಿಯ ದುರ್ಗವನ್ನೂ ಬಿಟ್ಟು ಈ ಎರಡು ತಾಲ್ಲೂಕುಗಳ ಕಥೆಯನ್ನು ಹೇಳುವುದಾದರೂ ಹೇಗೆ? ಆದರೆ ಆ ಕಲ್ಲುಗಳ ನಡುವೆ ಉರುಳಿದ ಗಾಲಿಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಶಾಸನದಲ್ಲಿ ಕೆತ್ತಿಸಿದವರಿಲ್ಲ. ಅದನ್ನು ಓದಬೇಕಾದರೆ ಗಾಡಿಯ ಕೆಳಗೆ ನುಸುಳಿ ಮಲಗಬೇಕು. ಒಂದು ಹಳೆಯ ಜೀಪಿನ ದೆಸೆಯಿಂದ ನಾವು ಹಾಗೆ ನುಸುಳಬೇಕಾಯಿತು. ಅಲ್ಲಿ ಕಂಡದ್ದನ್ನೂ, ಅದರ ಹಿಂದಿನ ಕಥೆಯನ್ನೂ ಇಲ್ಲಿ ಹೇಳುತ್ತೇವೆ.

ಕೈಕೇಯಿಯ ಕಥೆಯನ್ನು ಕೇಳದ ಮಕ್ಕಳಿಲ್ಲ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿ ಬಿದ್ದಾಗ ಆಕೆ ಆ ರಂಧ್ರದಲ್ಲಿ ತನ್ನ ಬೆರಳನ್ನಿಟ್ಟು ಗಾಲಿ ಜಾರದಂತೆ ತಡೆದಳೆಂದು ಹರಿಕಥೆಯ ದಾಸರು ಹೇಳುತ್ತಾರೆ. ರಾಮನನ್ನು ಕಾಡಿಗೆ ಕಳುಹಿಸಿದ ವರಗಳು ಹುಟ್ಟಿದುದು ಆ ಬೆರಳಿನಿಂದ. ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಮುಗಿಸುವ ನಾವು ಉಪಾಧ್ಯಾಯರು ‘ಕಡಾಣಿ ಎಂದರೇನು?’ ಎಂದು ತರಗತಿಯಲ್ಲಿ ಕೇಳುವುದನ್ನು ಮಾತ್ರ ಮರೆಯುತ್ತೇವೆ. ಕೇಳಿದರೆ ಈಗ ಉತ್ತರ ಬರುವುದೂ ಕಷ್ಟ. ಎರಡು ಗಾಲಿಗಳ ನಡುವಿನ ಅಡ್ಡಮರವೇ ಇರುಸು. ಅದಕ್ಕೆ ಅಚ್ಚು ಎಂದೂ ಹೆಸರು. ಅದು ಸಂಸ್ಕೃತದ ಅಕ್ಷ ಶಬ್ದದ ತದ್ಭವ. ಗಾಲಿಯ ನಡುವಿನ ದಪ್ಪ ಭಾಗ ಗುಂಬ. ಇರುಸಿನ ತುದಿ ಗುಂಬವನ್ನು ಹಾದು ಹೊರಗೆ ಚಾಚಿರುತ್ತದೆ. ಆ ತುದಿಯ ತೂತಿನಲ್ಲಿ ಸೇರಿಸಿ, ಗಾಲಿ ಹೊರಕ್ಕೆ ಬಾರದಂತೆ ಹಿಡಿಯುವ ಮೊಳೆಯೇ ಕಡಾಣಿ. ಬೆರಳುದ್ದದ ಕಬ್ಬಿಣ, ಇಡೀ ಗಾಡಿ ಅದನ್ನು ನಂಬಿ ನಡೆಯುತ್ತದೆ.

ಎತ್ತಿನ ಗಾಡಿಯ ಇರುಸಿನಲ್ಲಿ ಒಂದು ವಿಶೇಷವಿದೆ. ಅದು ತಿರುಗುವುದಿಲ್ಲ. ಭಾರವನ್ನು ಹೊತ್ತು ಸುಮ್ಮನಿರುತ್ತದೆ. ಗಾಲಿಗಳು ಅದರ ತುದಿಗಳ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಹೊರುವುದು ಒಬ್ಬರ ಕೆಲಸ, ತಿರುಗುವುದು ಇನ್ನೊಬ್ಬರ ಕೆಲಸ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡೂ ಸ್ವತಂತ್ರವಾಗಿರುವುದರಿಂದ ಅದಕ್ಕೇನೂ ತೊಡಕಿಲ್ಲ. ಎತ್ತು ಎಳೆಯುವುದು ನೊಗವನ್ನು; ಗಾಲಿಯನ್ನು ಯಾರೂ ತಿರುಗಿಸುವುದಿಲ್ಲ.

ಯಂತ್ರವು ಗಾಲಿಯನ್ನೇ ಹಿಡಿದು ತಿರುಗಿಸಲು ತೊಡಗಿದಾಗ ಈ ಸೌಖ್ಯ ಹೋಯಿತು. ಎರಡು ಗಾಲಿಗಳನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ತೆವಳಲೇಬೇಕು. ಸರಳನ್ನು ನಡುವೆ ತುಂಡರಿಸಿ, ಎರಡು ತುಂಡುಗಳಿಗೂ ಹಲ್ಲುಚಕ್ರಗಳ ಮೂಲಕ ಬಲವನ್ನು ಹಂಚುವ ಉಪಾಯವನ್ನು ಫ್ರಾನ್ಸಿನ ಪೆಕ್ಯೋರ್ ಎಂಬಾತ ೧೮೨೭ರಲ್ಲಿ ತನ್ನ ಉಗಿಗಾಡಿಗಾಗಿ ಕಂಡುಹಿಡಿದನು. ಇಂದು ಲಾರಿಯ ಹಿಂದುಗಡೆ ನಾವು ಕಾಣುವ ಕಬ್ಬಿಣದ ಗುಡಾಣದಂತಹ ಉಬ್ಬಿನೊಳಗೆ ಇರುವುದು ಅದೇ. ಮಿಸ್ತ್ರಿಗಳು ಅದನ್ನು ಡಿಫರೆನ್ಷಿಯಲ್ ಎನ್ನುತ್ತಾರೆ. ಆ ಉಬ್ಬಿನಿಂದ ಎರಡೂ ಕಡೆಗೆ ಹೊರಟ ಕೊಳವೆಗಳೊಳಗೆ ಗಾಲಿಯನ್ನು ತಿರುಗಿಸುವ ಸರಳುಗಳಿರುತ್ತವೆ. ಹೊರಗಿನ ಕೊಳವೆ ಒಂದು, ಒಳಗಿನ ಸರಳು ಒಂದು: ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಥೆಯೆಲ್ಲ ಅದರ ಮೇಲೆ ನಿಂತಿದೆ.

೧೯೪೦ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯವು ನಾಲ್ಕು ಗಾಲಿಗಳೂ ಎಳೆಯುವ ಒಂದು ಹಗುರವಾದ ಗಾಡಿ ಬೇಕೆಂದು ನೂರಮೂವತ್ತಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಬರೆಯಿತು. ಮೊದಲ ಮಾದರಿಗೆ ಕೊಟ್ಟ ಗಡುವು ೪೯ ದಿನ. ಅದನ್ನು ಒಪ್ಪಿ ಮಾಡಿ ತೋರಿಸಿದುದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ನಕ್ಷೆಯನ್ನು ಬರೆದವನು ಕಾರ್ಲ್ ಪ್ರೋಬ್ಸ್ಟ್. ಸೆಪ್ಟೆಂಬರ್ ೨೩ರಂದು ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತ್ತು. ಇಷ್ಟು ಅವಸರದಲ್ಲಿ ಹೊಸ ಇರುಸನ್ನು ಎರಕ ಹೊಯ್ಯಲು ಸಮಯವೆಲ್ಲಿ? ಸ್ಪೈಸರ್ ಕಂಪನಿಯವರು ಸ್ಟುಡಿಬೇಕರ್ ಚಾಂಪಿಯನ್ ಎಂಬ ಸಾಮಾನ್ಯ ಕಾರಿನ ಇರುಸನ್ನು ಹೊಂದಿಸಿಕೊಟ್ಟರು. ಜಗತ್ತಿನ ಮೊದಲ ಜೀಪು ಹುಟ್ಟಿದ್ದೇ ಬೇರೊಂದು ಗಾಡಿಯ ಇರುಸಿನ ಮೇಲೆ ಎಂಬುದನ್ನು ಓದಿದಾಗ ನಮಗೆ ನಗು ಬಂದಿತು. ಹಳೆಯ ಜೀಪಿಗೆ ಎಲ್ಲಿಂದಲೋ ಇರುಸನ್ನು ತಂದು ಕಟ್ಟುವ ನಮ್ಮ ಊರಿನ ಮಿಸ್ತ್ರಿಗಳನ್ನು ಇನ್ನು ಹಳಿಯುವಂತಿಲ್ಲ.

೧೯೪೧ರಿಂದ ಯುದ್ಧ ಮುಗಿಯುವವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಟ್ಟು ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಮಾಡಿದುವು. ಒಂದರ ಭಾಗವು ಇನ್ನೊಂದಕ್ಕೆ ಕೂಡಲೇಬೇಕೆಂಬುದು ಸೈನ್ಯದ ಕಟ್ಟಳೆ. ನಮ್ಮ ಹಳ್ಳಿಯ ಬಡಗಿ ಮಾಡಿದ ಜಾಲಿಮರದ ಗಾಲಿ ಪಕ್ಕದ ಹಳ್ಳಿಯ ಇರುಸಿಗೆ ಕೂಡುತ್ತಿರಲಿಲ್ಲ. ಪ್ರತಿಯೊಂದು ಗಾಡಿಯೂ ತನ್ನ ಊರಿನ ಅಳತೆಯದು. ಜೀಪಿನೊಡನೆ ಬಂದುದು ಎಲ್ಲ ಊರಿಗೂ ಒಂದೇ ಆದ ಅಳತೆ. ಬರ್ಮಾದ ಕೆಸರಿನಲ್ಲಿ ಮುರಿದ ಜೀಪಿನ ಹಿಂದಿನ ಇರುಸು ಆಫ್ರಿಕದ ಜೀಪಿಗೂ ಸರಿಯಾಗಿ ಕೂಡುತ್ತಿತ್ತು. ಇರುಸು ಬದಲಾಯಿಸುವ ವಿದ್ಯೆ ಅಲ್ಲಿಂದ ಮೊದಲಾಯಿತೆಂದರೆ ತಪ್ಪಾಗದು.

ಆ ಯುದ್ಧದ ಜೀಪಿನ ಹಿಂದಿನ ಇರುಸಿನ ರಚನೆ ನಮ್ಮ ಗಾಡಿಯ ಇರುಸನ್ನೇ ಹೋಲುತ್ತಿತ್ತು. ಗಾಲಿಯ ಗುಂಬವು ಎರಡು ಬೇರಿಂಗುಗಳ ಮೂಲಕ ಹೊರಗಿನ ಕೊಳವೆಯ ಮೇಲೆ ಕುಳಿತಿರುತ್ತದೆ, ಭಾರವೆಲ್ಲ ಕೊಳವೆಯದು. ಒಳಗಿನ ಸರಳಿಗೆ ತಿರುಚುವ ಕೆಲಸ ಮಾತ್ರ. ಆದುದರಿಂದ ಸರಳು ಮುರಿದರೂ ಗಾಲಿ ಇದ್ದಲ್ಲೇ ಇರುತ್ತದೆ. ತುದಿಯ ಬೋಲ್ಟುಗಳನ್ನು ಬಿಚ್ಚಿ ಮುರಿದ ಸರಳನ್ನು ಹೊರಗೆಳೆದು ಬಿಸುಟು, ಮುಂದಿನ ಎರಡು ಗಾಲಿಗಳ ಬಲದಿಂದಲೇ ಮನೆ ಸೇರಬಹುದು. ಹೊರುವುದು ಒಬ್ಬರ ಕೆಲಸ, ತಿರುಗುವುದು ಇನ್ನೊಬ್ಬರ ಕೆಲಸ ಎಂಬ ಗಾಡಿಯ ನ್ಯಾಯವನ್ನು ಸೈನ್ಯದವರು ಬಿಟ್ಟುಕೊಟ್ಟಿರಲಿಲ್ಲ.

ಯುದ್ಧಾನಂತರ ಜೀಪು ಹೊಲಗದ್ದೆಗಳಿಗೆ ಇಳಿಯಿತು. ವಿಲ್ಲಿಸ್ ಕಂಪನಿ ೧೯೪೫ರಲ್ಲಿ ನಾಗರಿಕರಿಗಾಗಿ ಬೇರೆ ಮಾದರಿಯನ್ನು ತೆಗೆಯಿತು. ಕೆಲಕಾಲದಲ್ಲಿಯೇ ಅದರ ಹಿಂದಿನ ಇರುಸು ಬದಲಾಯಿತು. ಹೊಸದರ ಡಿಫರೆನ್ಷಿಯಲ್ ಹೆಚ್ಚು ಬಲಿಷ್ಠವಾದುದೆಂಬುದು ನಿಜ. ಆದರೆ ಇಲ್ಲಿ ಗಾಲಿ ಕುಳಿತಿದ್ದುದು ಒಳಗಿನ ಸರಳಿನ ತುದಿಯ ಮೇಲೆಯೇ. ಹೊರುವುದೂ ಅದೇ, ತಿರುಗುವುದೂ ಅದೇ. ಸರಳಿನ ತುದಿ ಮೊನಚಾಗಿ ಸಣ್ಣಗಾಗುತ್ತ ಬರುತ್ತದೆ. ಅದರ ಮೇಲೆ ಗುಂಬ, ನಡುವೆ ಜಾರದಂತೆ ಒಂದು ಬೆಣೆ, ಹೊರಗೆ ದೊಡ್ಡ ನಟ್ಟು, ನಟ್ಟು ಸಡಿಲವಾಗದಂತೆ ಒಂದು ಸೀಳುಪಿನ್ನು. ಇಲ್ಲಿ ಸರಳು ಹೊರತುದಿಯಲ್ಲಿ ಮುರಿದರೆ ಗಾಲಿ ಡ್ರಮ್ಮಿನ ಸಮೇತ ಗಾಡಿಯನ್ನು ಬಿಟ್ಟು ಹೋಗುತ್ತದೆ.

ನಮ್ಮ ದೇಶಕ್ಕೆ ಜೀಪು ಬಂದುದು ಎರಡು ದಾರಿಗಳಿಂದ. ಯುದ್ಧದ ತರುವಾಯ ಸೈನ್ಯಗಳು ಬಿಟ್ಟುಹೋದ ಗಾಡಿಗಳು ಹರಾಜಿನಲ್ಲಿ ಮಾರಾಟವಾದುವು. ಇದು ಒಂದು ದಾರಿ. ೧೯೪೫ರಲ್ಲಿ ಲೂಧಿಯಾನದಲ್ಲಿ ಆರಂಭವಾಗಿ ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರನ್ನು ಪಡೆದ ಕಂಪನಿಯು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿತು. ೧೯೫೪ರಿಂದ ಹಂತಹಂತವಾಗಿ ಇಲ್ಲಿಯೇ ತಯಾರಿಸತೊಡಗಿತು. ಇದು ಎರಡನೆಯ ದಾರಿ. ನಡುವೆ ೧೯೪೮ರಲ್ಲಿ ನಮ್ಮ ಸರ್ಕಾರಕ್ಕಾಗಿ ಲಂಡನ್ನಿನ ಮೂಲಕ ದುರಸ್ತಿ ಮಾಡಿದ ೨,೦೦೦ ಹಳೆಯ ಜೀಪುಗಳ ಕರಾರಾಗಿ, ೧೫೫ ಮಾತ್ರ ಬಂದು, ಅವೂ ಉಪಯೋಗಕ್ಕೆ ಬಾರದೆ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು. ಹಳೆಯ ಜೀಪನ್ನು ಕೊಳ್ಳುವವನು ಮೊದಲು ಅಡಿಯನ್ನು ನೋಡಬೇಕೆಂಬ ಪಾಠವನ್ನು ಸ್ವತಂತ್ರ ಭಾರತ ಬಹು ಬೇಗ ಕಲಿಯಿತೆನ್ನಬೇಕು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಅಧಿಕಾರಿಯೆಂದರೆ ಜೀಪು ಎನ್ನುವಂತಾಯಿತು. ಸರ್ಕಾರದ ಕೆಲಸ ಮುಗಿಸಿದ ಜೀಪುಗಳು ಹರಾಜಾಗಿ ರೈತರ, ವ್ಯಾಪಾರಿಗಳ ಕೈಸೇರಿದುವು. ಹೀಗೆ ಯುದ್ಧದ ಇರುಸಿನ ಜೀಪೂ ನಾಗರಿಕ ಇರುಸಿನ ಜೀಪೂ ಒಂದೇ ಸಂತೆಯಲ್ಲಿ ನಿಂತುವು. ಮೇಲಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಆದರೆ ಒಳಗಿನ ಲೆಕ್ಕ ಬೇರೆ. ಯುದ್ಧದ ಜೀಪಿನ ಡಿಫರೆನ್ಷಿಯಲ್‌ನ ದೊಡ್ಡ ಚಕ್ರಕ್ಕೆ ೩೯ ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಚಕ್ರಕ್ಕೆ ೮ ಹಲ್ಲು. ಗಾಲಿ ಒಂದು ಸುತ್ತು ತಿರುಗಬೇಕಾದರೆ ಎಂಜಿನ್ನಿನಿಂದ ಬರುವ ಉದ್ದ ಸರಳು ೪.೮೭೫ ಸುತ್ತು ತಿರುಗಬೇಕು. ನಾಗರಿಕ ಜೀಪಿನಲ್ಲಿ ೪೩ಕ್ಕೆ ೮; ಅಂದರೆ ೫.೩೭೫ ಸುತ್ತು. ಹೊಲದ ಕೆಲಸಕ್ಕೆ ವೇಗ ಕಡಮೆಯಾದರೂ ಎಳೆತ ಹೆಚ್ಚಿರಲೆಂದು ಹೀಗೆ ಮಾಡಿದರು. ಭಿನ್ನರಾಶಿಯನ್ನು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಇನ್ನು ನಮ್ಮ ನೆಲ. ರಾಯದುರ್ಗದ ಕಡೆ ವೇದಾವತಿ, ಅಂದರೆ ಹಗರಿಯ ದಡದಲ್ಲಿ, ಕಣೇಕಲ್ಲು ಬೊಮ್ಮನಹಾಳುಗಳ ಸುತ್ತ ಮರಳು ದಿಬ್ಬಗಳಾಗಿ ಬಿದ್ದಿದೆ. ಮಡಕಶಿರಾ, ರೊಳ್ಳ, ರತ್ನಗಿರಿಗಳ ಕಡೆ ಗುಂಡುಕಲ್ಲು, ಹಾಸುಬಂಡೆ. ಮರಳು ಮುಂದಿನ ಇರುಸಿನ ಗೆಣ್ಣುಗಳೊಳಗೆ ಸೇರಿ ಮೆಲ್ಲಮೆಲ್ಲಗೆ ಸವೆಸುತ್ತದೆ; ಕಲ್ಲು ಒಂದೇ ಏಟಿಗೆ ಕಮಾನನ್ನು ಮುರಿಯುತ್ತದೆ. ಆಡಳಿತದ ವಿಷಯದಲ್ಲಿಯೂ ಈ ಎರಡು ತಾಲ್ಲೂಕುಗಳು ಸುಮ್ಮನಿದ್ದುವಲ್ಲ. ೧೮೮೨ರಲ್ಲಿ ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದಾಗ ಮಡಕಶಿರಾ ಅದರೊಡನೆ ಹೋಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗವನ್ನು ಬಳ್ಳಾರಿಯಿಂದ ತೆಗೆದು ಅನಂತಪುರಕ್ಕೆ ಸೇರಿಸಿದರು. ೨೦೨೨ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮೇಲಿನ ಮೈ ಹಾಗೆಯೇ ಇದ್ದು ಅಡಿಯ ಇರುಸು ಬದಲಾಗುವುದು ನಮಗೆ ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಿತ್ರರೊಬ್ಬರು ಹಗರಿಯ ಕಡೆಯಿಂದ ಒಂದು ಯುದ್ಧಕಾಲದ ಜೀಪನ್ನು ಕೊಂಡುತಂದರು. ಆ ವರ್ಷ ಗಡಿಯ ಹಳ್ಳಿಗಳ ಶಾಲೆಗಳಿಗೆ ಕನ್ನಡ ಪಠ್ಯಪುಸ್ತಕಗಳು ಬಹಳ ತಡವಾಗಿ ಬಂದಿದ್ದುವು. ಬಂದ ಕಟ್ಟುಗಳನ್ನಾದರೂ ಬೇಗನೆ ಮುಟ್ಟಿಸೋಣವೆಂದು ನಾವು ಅವರ ಜೀಪನ್ನು ಕೇಳಿದೆವು. ಹಿಂದೆ ಪುಸ್ತಕದ ಕಟ್ಟುಗಳು. ಅವುಗಳ ಮೇಲೆ, ದಾರಿ ತೋರಿಸುತ್ತೇವೆಂದು ಹತ್ತಿದ ಇಬ್ಬರು ಹುಡುಗರು. ರತ್ನಗಿರಿಯ ಆಚೆ ಬಂಡೆಯ ಮೇಲಿನ ಒಂದು ಏರಿನಲ್ಲಿ ನಾಲ್ಕು ಗಾಲಿಗಳಿಗೂ ಬಲ ಕೊಡುವ ಸನ್ನೆಯನ್ನು ಹಾಕಿದೆವು. ಐವತ್ತು ಹೆಜ್ಜೆ ಹೋಗುವುದರೊಳಗೆ ಗಾಡಿ ನರಳಿತು. ಸನ್ನೆಯನ್ನು ಹಿಂದೆಗೆಯಲು ಹೋದರೆ ಅದು ಬಾರದು. ಮುಂದುಗಡೆ ಬಂದೂಕು ಹಾರಿಸಿದಂತೆ ಒಂದು ಸದ್ದಾಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿದೂ ಹಿಡಿಯದಂತಿತ್ತು. ಎಡಗಡೆಯ ಹಿಂದಿನ ಗಾಲಿ ಒಂದು ಗುಂಡಿಗೆ ಬಡಿದು ನಿಂತಿತು. ಆ ಗುಂಡು ಅಲ್ಲಿಲ್ಲದಿದ್ದರೆ ಏನಾಗುತ್ತಿತ್ತೆಂದು ಈಗಲೂ ಕೆಲವು ರಾತ್ರಿ ನಮಗೆ ನೆನಪಾಗುತ್ತದೆ. ಹುಡುಗರಿಗೆ ಏನೂ ಆಗಲಿಲ್ಲ. ಪುಸ್ತಕಗಳು ಅಲ್ಲಿಂದ ಮುಂದೆ ಎತ್ತಿನ ಗಾಡಿಯಲ್ಲಿ ಹೋದುವು.

ಜೀಪನ್ನು ಎಳೆಸಿಕೊಂಡು ಒಬ್ಬ ವೃದ್ಧ ಮಿಸ್ತ್ರಿಯ ಬಳಿಗೆ ಹೋದೆವು. ಅವರ ತಂದೆ ಗಾಡಿಯ ಗಾಲಿ ಕಟ್ಟುತ್ತಿದ್ದವರಂತೆ. ಅವರು ಬಿಚ್ಚುವುದಕ್ಕೆ ಕೈ ಹಾಕಲಿಲ್ಲ. ಒಂದು ಗಾಲಿಯನ್ನು ನೆಲದ ಮೇಲೆಯೇ ಬಿಟ್ಟು ಜೊತೆಯದನ್ನು ಜಾಕಿನಿಂದ ಎತ್ತಿ, ಟಯರಿಗೂ ಉದ್ದ ಸರಳಿಗೂ ಸುಣ್ಣದಿಂದ ಗುರುತು ಹಾಕಿ, ಎತ್ತಿದ ಗಾಲಿಯನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿದರು. ಒಂದೇ ಗಾಲಿ ತಿರುಗುವಾಗ ಡಿಫರೆನ್ಷಿಯಲ್ ಲೆಕ್ಕವನ್ನು ಅರ್ಧ ಮಾಡುವುದರಿಂದ ಅದು ಎರಡು ಗಾಲಿಗಳ ಹತ್ತು ಸುತ್ತಿಗೆ ಸಮ. ಸರಳಿನ ಸುತ್ತುಗಳನ್ನು ಎಣಿಸುವ ಕೆಲಸ ನಮ್ಮದು. ಮುಂದಿನ ಇರುಸಿನಲ್ಲಿ ಸುಮಾರು ನಲವತ್ತೆಂಟೂಮುಕ್ಕಾಲು ಬಂದಿತು; ಹಿಂದಿನದರಲ್ಲಿ ಐವತ್ತಮೂರೂಮುಕ್ಕಾಲು.

“ಮೇಷ್ಟ್ರೇ, ಮುಂದಿಂದು ಮಿಲಿಟರಿ, ಹಿಂದಿಂದು ಸಿವಿಲ್ಲು. ಒಂದೇ ನೊಗಕ್ಕೆ ಕುದುರೆ ಒಂದು ಕಡೆ, ಎತ್ತು ಒಂದು ಕಡೆ ಕಟ್ಟವ್ರೆ,” ಎಂದರು.

“ಹಾಗಾದರೆ ಇಷ್ಟು ವರ್ಷ ಇದು ಓಡಿದ್ದು ಹೇಗೆ, ಮಿಸ್ತ್ರಿಗಳೇ?”

“ಮರಳಲ್ಲಿ ಓಡ್ತು. ಮರಳು ಜಾರ್ಸಿ ಬಿಡ್ತದೆ. ನಿಮ್ಮ ಬಂಡೆ ಬಿಟ್ಟೀತಾ?”

ಇದು ಅಕ್ಷರಶಃ ಸತ್ಯ. ಎರಡು ಉದ್ದ ಸರಳುಗಳೂ ಒಂದೇ ವೇಗದಲ್ಲಿ ತಿರುಗುವಾಗ ಹಿಂದಿನ ಗಾಲಿಗಳು ನೂರು ಅಡಿ ಹೋದರೆ ಮುಂದಿನವು ನೂರಹತ್ತು ಅಡಿ ಹೋಗಬಯಸುತ್ತವೆ. ಮರಳಿನ ಮೇಲೆ ಆ ಹತ್ತು ಅಡಿ ಜಾರಿ ಕಳೆದುಹೋಗುತ್ತದೆ. ಬಂಡೆಯ ಮೇಲೆ ಟಯರು ಜಾರದು. ಆ ಹೆಚ್ಚುವರಿಯೆಲ್ಲ ಸರಳುಗಳೊಳಗೆ ಹುರಿಯಾಗಿ ಸುತ್ತಿಕೊಂಡು, ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ. ನಮ್ಮಲ್ಲಿ ಮುರಿದುದು ಮುಂದಿನ ಗೆಣ್ಣು. ಹಿಂದೊಮ್ಮೆ ಯಾರೋ ಹಿಂದಿನ ಇರುಸು ಕೆಟ್ಟಾಗ ಸಿಕ್ಕಿದ ನಾಗರಿಕ ಇರುಸನ್ನು ಹಾಕಿ, ಮುಂದಿನದರ ಲೆಕ್ಕವನ್ನು ನೋಡದೆ ಬಿಟ್ಟಿದ್ದರು. ಎರಡು ಗಾಲಿಗಳ ಮೇಲೆ ಓಡುವಾಗ ಈ ದೋಷ ತಿಳಿಯುವುದೇ ಇಲ್ಲ.

ಹಿಂದಿನದನ್ನು ಮತ್ತೆ ಯುದ್ಧದ ಇರುಸಿಗೆ ಮರಳಿಸೋಣವೆಂಬುದು ನಮ್ಮ ಆಸೆ. ಗಾಲಿ ಬಿಟ್ಟುಹೋಗದ ಆ ರಚನೆಯ ಮೇಲೆ ನಮಗೆ ಮನಸ್ಸು ನಿಂತಿತ್ತು. ಆದರೆ ಒಳ್ಳೆಯದು ಎಲ್ಲಿಯೂ ಸಿಕ್ಕಲಿಲ್ಲ. ಕೊನೆಗೆ ಮುಂದಕ್ಕೆ ನಾಗರಿಕ ಜೀಪಿನ ೪೩ ಹಲ್ಲಿನ ಇರುಸನ್ನು ತಂದು ಜೋಡಿ ಮಾಡಿದೆವು. ಮುಂದಿನ ಇರುಸಿನ ಗೆಣ್ಣುಗಳ ಒಳಗೆ ಒಂದು ಜೋಡಣೆಯಿದೆ. ಬೆಂಡಿಕ್ಸ್, ರ‍್ಜೆಪ್ಪಾ, ಟ್ರ್ಯಾಕ್ಟಾ, ಸ್ಪೈಸರ್ ಎಂದು ಯುದ್ಧಕಾಲದಲ್ಲಿಯೇ ಅದಕ್ಕೆ ನಾಲ್ಕು ಬಗೆಗಳಿದ್ದುವು. ಒಂದರ ಅರ್ಧವನ್ನು ಇನ್ನೊಂದರ ಅರ್ಧಕ್ಕೆ ಸೇರಿಸುವಂತಿಲ್ಲ. ಆದುದರಿಂದ ಎರಡೂ ಕಡೆ ಬಿಚ್ಚಿ ನೋಡಿಯೇ ಕೊಂಡೆವು.

ಕಮಾನಿನ ಕೆಲಸಕ್ಕೆ ಮೂರು ದಿನ ಹಿಡಿಯಿತು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟುವ ಈ ಕಮಾನು ಜೀಪಿಗಿಂತ ಬಹಳ ಹಿಂದಿನದು. ಕುದುರೆಯ ಸಾರೋಟುಗಳಿಗಾಗಿ ಲಂಡನ್ನಿನ ಒಬದಾಯ ಎಲಿಯಟ್ ೧೮೦೪ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ೨೦೨೦ರಲ್ಲಿ ಬಂದ ಹೊಸ ಥಾರ್ ಗಾಡಿಯಲ್ಲಿ ಹಿಂದುಗಡೆಯೂ ಸುರುಳಿ ಸ್ಪ್ರಿಂಗುಗಳಿವೆ. ಪಟ್ಟಿಯ ಕಮಾನಿನ ಕಾಲ ಆ ವಂಶದಲ್ಲಿ ಮುಗಿಯಿತೆನ್ನಬಹುದು. ನಮ್ಮ ಜೀಪಿನಲ್ಲಿ ಗುಂಡಿಗೆ ಬಡಿದ ಕಡೆ ಮೇಲಿನ ದೊಡ್ಡ ಪಟ್ಟಿ ಮುರಿದಿತ್ತು. ಪಟ್ಟಿಗಳನ್ನೆಲ್ಲ ನಡುವೆ ಹಿಡಿದಿರುವ ಬೋಲ್ಟೂ ತುಂಡಾಗಿತ್ತು. ಈ ಬೋಲ್ಟಿನ ತಲೆ ಇರುಸಿನ ಮೇಲಣ ಒಂದು ತೂತಿನಲ್ಲಿ ಕೂರುತ್ತದೆ. ಅದು ತುಂಡಾದರೆ ಇರುಸು ಹಿಂದುಮುಂದಾಗಿ, ಗಾಡಿ ನಾಯಿಯಂತೆ ಓರೆಯಾಗಿ ಓಡುತ್ತದೆ. ಮಿಸ್ತ್ರಿ ಒಳ್ಳೆಯ ಕಡೆಯ ಪಟ್ಟಿಯೊಂದನ್ನು ನೆಲದ ಮೇಲಿಟ್ಟು ಸುಣ್ಣದ ಗೆರೆ ಎಳೆದರು. ಬಾಗು ಸತ್ತ ಪಟ್ಟಿಗಳನ್ನು ನಡುವೆ ತಗ್ಗಿರುವ ಅಡಿಗಲ್ಲಿನ ಮೇಲೆ ಒಳಮೈ ಮೇಲಾಗಿಟ್ಟು, ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ಬಡಿದು ಆ ಗೆರೆಗೆ ತಂದರು. ಕುಲುಮೆಯಲ್ಲಿ ಕಾಯಿಸಲು ಮಾತ್ರ ಒಪ್ಪಲಿಲ್ಲ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ. ಚಿಕ್ಕ ಪಟ್ಟಿಗೆ ದೊಡ್ಡದಕ್ಕಿಂತ ಬಾಗು ತುಸು ಹೆಚ್ಚಿರಬೇಕು. ಕಟ್ಟಿ ಬಿಗಿದಾಗ ಒಂದನ್ನೊಂದು ಒತ್ತಿಕೊಳ್ಳುವುದು ಅದರಿಂದಲೇ. ಕಮಾನಿನ ತುದಿಯ ಕೊಂಡಿಗಳಲ್ಲಿ ಕೆಲವಕ್ಕೆ ತಿರುಪು ಎಡಕ್ಕೆ ಸುತ್ತುತ್ತದೆ. ಅದನ್ನರಿಯದೆ ನಾವು ಬಲವಾಗಿ ಬಿಗಿಯಲು ಹೋಗಿ ಬೈಸಿಕೊಂಡೆವು.

ಎಲ್ಲ ಮುಗಿದ ಮೇಲೆ ಅವರು ಹಿಂದಿನ ಗಾಲಿಗಳ ನಟ್ಟನ್ನು ಮೂರು ಮೊಳದ ಕೊಳವೆ ಹಾಕಿ ಬಿಗಿದು, ಹಳೆಯ ಸೀಳುಪಿನ್ನನ್ನು ಎಸೆದು ಹೊಸದನ್ನು ಸೇರಿಸಿದರು. “ಮೇಷ್ಟ್ರೇ, ನೂರು ಮೈಲಿ ಆದ್ಮೇಲೆ ಇನ್ನೊಂದು ಸಲ ಬಿಗೀರಿ. ಕಮಾನಿನ ಬೋಲ್ಟೂನು. ಈ ಕಡಾಣಿ ಮಾತ್ರ ಹಳೇದು ಹಾಕ್ಬ್ಯಾಡ್ರಿ,” ಎಂದರು. ಕಡಾಣಿ! ಸೀಳುಪಿನ್ನಿಗೆ ಅವರು ಬಳಸಿದ ಮಾತು ಅದೇ. ನಾವು ಪಠ್ಯದಿಂದ ಕಳೆದುಕೊಂಡಿದ್ದ ಶಬ್ದ ಗ್ರೀಸಿನ ಕೈಯಲ್ಲಿ ಸುರಕ್ಷಿತವಾಗಿ ಕುಳಿತಿತ್ತು. ತಂದೆಯ ಬಾಯಿಂದ ಬಂದುದನ್ನು ಅವರು ಯಂತ್ರಕ್ಕೆ ಹೊಂದಿಸಿಕೊಂಡಿದ್ದರು. ಅವರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಮಾತ್ರ ಅದನ್ನು ಪಿನ್ನು ಎಂದೇ ಕರೆಯುತ್ತಿದ್ದ.

ತೆಗೆದ ಮುಂದಿನ ಇರುಸಿನ ದೊಡ್ಡ ಹಲ್ಲುಚಕ್ರವನ್ನು ನಾವು ತೂಕಕ್ಕೆ ಮಾರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಶಾಲೆಗೆ ತಂದು ಮೇಜಿನ ಮೇಲೆ ಇಟ್ಟಿದ್ದೇವೆ. ಆರನೆಯ ತರಗತಿಯವರು ಅದರ ಹಲ್ಲುಗಳನ್ನು ಎಣಿಸಿ ಎಂಟರಿಂದ ಭಾಗಿಸುತ್ತಾರೆ. ಆ ದಿನ ಪುಸ್ತಕದ ಕಟ್ಟಿನ ಮೇಲೆ ಕುಳಿತಿದ್ದ ಹುಡುಗರಲ್ಲೊಬ್ಬನಿಗೆ ಮೊದಲ ಸಲ ನಲವತ್ತು ಬಂದಿತು. ಎಲ್ಲಿಂದ ಆರಂಭಿಸಿದೆಯೆಂದು ಕೇಳಿದೆವು. ಅವನಿಗೆ ನೆನಪಿರಲಿಲ್ಲ. ಸುಣ್ಣದ ಕಡ್ಡಿಯನ್ನು ಕೊಟ್ಟು, ಒಂದು ಹಲ್ಲಿಗೆ ಗುರುತು ಹಾಕಿ ಮತ್ತೆ ಎಣಿಸು ಎಂದೆವು.